ನನ್ನ ಕೀಲುನೋವು, ನಿನ್ನ ಜಾಹೀರಾತು

ಟೊಲೀಡೊ, ಒಹಾಯೊ
೧೧ ಮಾರ್ಚ್ ೨೦೧೪, ಮಂಗಳವಾರ

ಪ್ರೀತಿಯ ಐರೀನಾ,

ಕ್ಷೇಮವೇ? ಕಾಗದ ಬರೆಯುವವರು ಮೊದಲು ಆರೋಗ್ಯ ವಿಚಾರಿಸಬೇಕು ಅಂತ ಅಮ್ಮ ಕಲಿಸಿದ್ದಕ್ಕೆ ಕೇಳುತ್ತಿದ್ದೇನೆ, ಗೊತ್ತಿಲ್ಲದೆ ಅಲ್ಲ. ನಿನ್ನ ಆರೋಗ್ಯವನ್ನು ದಿನಕ್ಕೆ ನಾಲ್ಕು ಸಲ ಟಿವಿಯಲ್ಲಿ ನೋಡುತ್ತಿದ್ದೇನೆ. ಬೆಳಗಿನ ವಾರ್ತೆಯ ನಡುವೆ ಒಮ್ಮೆ, ಮಧ್ಯಾಹ್ನದ ಧಾರಾವಾಹಿಯ ನಡುವೆ ಎರಡು ಸಲ, ಊಟದ ಹೊತ್ತಿಗೆ ಇನ್ನೊಮ್ಮೆ. ಪ್ರತಿ ಸಲವೂ ಅರ್ಧ ನಿಮಿಷ ನರಳುತ್ತೀಯ, ವೆಲ್ಮೊರಾ ಔಷಧ ಚುಚ್ಚಿಸಿಕೊಳ್ಳುತ್ತೀಯ, ಇನ್ನರ್ಧ ನಿಮಿಷ ಕೆರೆಯಲ್ಲಿ ದೋಣಿಗೆ ಹುಟ್ಟು ಹಾಕುತ್ತೀಯ. ನನಗೆ ಸಂಧಿವಾತ ಬಂದು ಹನ್ನೆರಡು ವರ್ಷ. ನಾನಿನ್ನೂ ಮೊದಲ ಅರ್ಧ ನಿಮಿಷದಲ್ಲೇ ಇದ್ದೇನೆ.

ಜನವರಿಯಿಂದ ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿನ್ನ ಭಾವ ಯೂಜೀನ್ "ವಾಂಡಾ ಅಂಗಡಿಗೆ ಹೋಗಿದಾಳೆ" ಅಂದರಲ್ಲ, ಆಗ ನಾನು ಪಕ್ಕದಲ್ಲೇ ಕೂತಿದ್ದೆ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೊನೆಯ ಸಲ ನೀನು "ಯಾವ ಅಂಗಡಿ ಭಾವಾ?" ಅಂತ ಕೇಳಿದ್ದಕ್ಕೆ ಪಾಪ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಸಿಟ್ಟು ಯಾಕೆ ಅಂತ ನಿನಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ಹತ್ತು ದಿನ ಬಂದು ಇದ್ದೆಯಲ್ಲ. ಬೆಳಿಗ್ಗೆ ನಾನು ಬಟ್ಟೆ ಹಾಕಿಕೊಳ್ಳುವಾಗ ನೀನು ಕಾಫಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. "ಅಕ್ಕಾ, ಆ ಗುಂಡಿ ಹಾಕೋದು ಇನ್ನೊಂದ್ಸಲ ಮಾಡು ನೋಡೋಣ. ನಿಧಾನಕ್ಕೆ" ಅಂದೆ. ನಾನು ಮಾಡಿ ತೋರಿಸಿದೆ. ಹನ್ನೆರಡು ವರ್ಷದಲ್ಲಿ ನನ್ನ ನೋವನ್ನು ಇಷ್ಟು ಹೊತ್ತು ನಿಂತು ನೋಡಿದವರು ಯಾರೂ ಇರಲಿಲ್ಲ. ಆ ದಿನ ಮೀನಿನ ಮುಳ್ಳು ಬಿಡಿಸುವಾಗ ಯೂಜೀನ್ ಹತ್ತಿರ ಹೇಳಿದ್ದೆ, "ಐರೀನಾ ಬದಲಾಗಿದಾಳೆ ಕಣ್ರೀ, ಎಷ್ಟು ಮೆತ್ತಗಾಗಿದಾಳೆ" ಅಂತ. ಆಮೇಲೆ ಜನವರಿಯಲ್ಲಿ ಟಿವಿ ಹಾಕಿದರೆ ಯಾವಳೋ ಒಬ್ಬಳು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಕೆಳತುಟಿ ಕಚ್ಚಿ, ಎಡ ಹೆಬ್ಬೆರಳಿನಿಂದ ಗುಂಡಿ ತಳ್ಳುತ್ತಿದ್ದಾಳೆ. ಮುಖಕ್ಕಿಂತ ಮೊದಲು ನಾನು ಗುರುತು ಹಿಡಿದದ್ದು ನನ್ನ ಹೆಬ್ಬೆರಳನ್ನು. ಮುಖ ನಿನ್ನದು, ಬಣ್ಣ ಹಚ್ಚಿದ್ದು, ಹತ್ತು ವರ್ಷ ಚಿಕ್ಕದು.

ಯೂಜೀನ್‌ಗೆ ಮಾತ್ರ ಭಾರೀ ಖುಷಿ. ನೀನು ಬಂದ ಕೂಡಲೇ ಸದ್ದು ಜಾಸ್ತಿ ಮಾಡುತ್ತಾರೆ. ಹಿಂದಿನಿಂದ ಆ ಗಂಡಸಿನ ದನಿ ಔಷಧದ ಅಡ್ಡಪರಿಣಾಮಗಳನ್ನು ಉಸಿರು ತೆಗೆಯದೆ ಓದುತ್ತದಲ್ಲ, ಸೋಂಕು, ಲಿವರ್ ತೊಂದರೆ, ಕೆಲವರಲ್ಲಿ ಕ್ಯಾನ್ಸರ್, ಅಪರೂಪಕ್ಕೆ ಸಾವು ಅಂತ, ಅಷ್ಟೂ ಹೊತ್ತು ನೀನು ನಾಯಿಗೆ ಚೆಂಡು ಎಸೆಯುತ್ತಿರುತ್ತೀಯ. "ಸಾವು ಅಂದಾಗ್ಲೇ ನೋಡೇ, ಎಷ್ಟು ಚೆನ್ನಾಗಿ ನಗ್ತಾಳೆ" ಅನ್ನುತ್ತಾರೆ ಯೂಜೀನ್. ದೋಣಿಯಲ್ಲಿ ನಿನ್ನ ಎದುರು ಕೂತ ಆ ಬೆಳ್ಳಿಕೂದಲಿನವನು ಯಾರೋ ಏನೋ. ಯೂಜೀನ್‌ಗೂ ಕೂದಲು ನರೆತಿದೆ, ನಮ್ಮನ್ನು ಯಾರೂ ದೋಣಿ ಹತ್ತಿಸಲಿಲ್ಲ.

ಚರ್ಚಿನಲ್ಲಿ ಆದದ್ದು ಕೇಳು. ಕಾಯಿಲೆಯವರಿಗಾಗಿ ಪ್ರಾರ್ಥಿಸಲು ಹೆಸರು ಓದುತ್ತಾರಲ್ಲ, ಅದರಲ್ಲಿ ಈ ಹನ್ನೆರಡು ವರ್ಷ ನನ್ನ ಹೆಸರು ಬರಲಿಲ್ಲ. ನಾನೇ ಕೊಟ್ಟಿರಲಿಲ್ಲ ಅನ್ನು, ಆದರೆ ಯಾರಾದರೂ ಕೇಳಬಹುದಿತ್ತು. ಫೆಬ್ರವರಿ ಮೊದಲ ಭಾನುವಾರ ನಿನ್ನ ಹೆಸರು ಓದಿದರು. ಪಕ್ಕದ ಬೀದಿಯ ಡೊಲೊರೆಸ್ ಕೊಟ್ಟಿದ್ದಳಂತೆ. ಹೊರಗೆ ಬಂದಾಗ ನನ್ನ ಕೈ ಹಿಡಿದು, ಆ ಊದಿದ ಗೆಣ್ಣುಗಳನ್ನೇ ಅದುಮಿ, "ನಿಮ್ಮ ತಂಗಿ ಪಾಪ ಎಷ್ಟು ಅನುಭವಿಸಿದಾಳೆ, ನೀವು ಒಂದು ಮಾತೂ ಹೇಳಲಿಲ್ಲ" ಅಂದಳು. ಮರುದಿನ ಕೋಸು, ಮಾಂಸ ಬೇಯಿಸಿದ ದೊಡ್ಡ ಬೋಗುಣಿಯನ್ನೇ ತಂದಿಟ್ಟು ನಿನಗೆ ತಲುಪಿಸಲು ಹೇಳಿದಳು. ಎರಡು ಸಾವಿರ ಮೈಲಿ ಹೇಗೆ ತಲುಪಿಸಲಿ? ನಾವೇ ತಿಂದೆವು. ಉಪ್ಪು ಕಡಿಮೆಯಿತ್ತು.

ಜಾಹೀರಾತಿನ ಕೊನೆಯಲ್ಲಿ "ನಿಮ್ಮ ವೈದ್ಯರನ್ನು ಕೇಳಿ" ಅನ್ನುತ್ತೀಯಲ್ಲ, ಅದನ್ನೂ ಮಾಡಿದೆ. ನನ್ನ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ವೆಲ್ಮೊರಾ ಅಂದ ಕೂಡಲೇ "ಟಿವಿಲಿ ನೋಡಿದ್ರಾ? ಈ ವಾರ ನೀವು ಏಳನೆಯವರು" ಅಂದಳು. ನನ್ನ ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಕಲೆ ಇದೆಯಂತೆ, ಬಹುಶಃ ಅಪ್ಪನಿಂದ ಬಂದದ್ದು. ಆ ಔಷಧ ಚುಚ್ಚಿದರೆ ಅದು ಮತ್ತೆ ಏಳಬಹುದು, ಹಾಗಾಗಿ ನನಗೆ ಕೊಡುವಂತಿಲ್ಲ. ಹೊರಗೆ ಬಂದು ಕೋಟು ಹಾಕಿಕೊಳ್ಳಲು ಒದ್ದಾಡುತ್ತಿದ್ದೇನೆ, ಕಾಯುವ ಕೋಣೆಯ ಟಿವಿಯಲ್ಲಿ ನೀನು ಬಂದೆ. ಎಲ್ಲರೂ ತಲೆ ಎತ್ತಿದರು. ಯಾಕೋ ಬಾಯಿಗೆ ಬಂದುಬಿಟ್ಟಿತು, "ಅವಳು ನನ್ನ ತಂಗಿ" ಅಂದೆ. ಊರುಗೋಲಿನ ಮುದುಕನೊಬ್ಬ ಬಹಳ ಕನಿಕರದಿಂದ "ಈಗ ಹೇಗಿದಾರಮ್ಮ?" ಅಂತ ಕೇಳಿದ. "ಚೆನ್ನಾಗಿದಾಳೆ. ಹುಟ್ಟಿದಾಗಿಂದ ಚೆನ್ನಾಗೇ ಇದಾಳೆ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ದೇವರು ದೊಡ್ಡವನು ಅಂದ.

ಆ ದಿನ ಮನೆಗೆ ಬಂದು ಒಂದು ಕೆಟ್ಟ ಕೆಲಸ ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಔಷಧ ಕಂಪನಿಗೆ ಕಾಗದ ಬರೆದೆ. ನಿಮ್ಮ ಜಾಹೀರಾತಿನ ಹೆಂಗಸಿಗೆ ಯಾವ ಕಾಯಿಲೆಯೂ ಇಲ್ಲ, ನನಗೆ ಗೊತ್ತು, ನಾನು ಅವಳ ಅಕ್ಕ, ನರಳುವ ರೀತಿ ಕೂಡ ನನ್ನಿಂದ ಕದ್ದದ್ದು, ಅವಳನ್ನು ತೆಗೆದುಹಾಕಿ ಅಂತ ಎರಡು ಪುಟ. ನಿನ್ನ ಕೆಲಸ ಹೋಗಲಿ ಅಂತಲೇ ಬರೆದದ್ದು. ಮೂವತ್ತು ವರ್ಷ ನೀನು ಸಣ್ಣ ಸಣ್ಣ ಪಾತ್ರಕ್ಕೆ ಬಾಗಿಲು ತಟ್ಟಿದ್ದು ಗೊತ್ತಿದ್ದೂ ಬರೆದೆ. ಮೂರು ವಾರಕ್ಕೆ ಉತ್ತರ ಬಂತು. "ವೆಲ್ಮೊರಾದಿಂದ ನಿಮ್ಮ ಬದುಕು ಸುಧಾರಿಸಿದ್ದು ತಿಳಿದು ಸಂತೋಷವಾಯಿತು" ಅಂತ. ಜೊತೆಗೆ ಒಂದು ಗೋಡೆ ಕ್ಯಾಲೆಂಡರು. ಅದರಲ್ಲೂ ನೀನೇ, ಏಪ್ರಿಲ್ ತಿಂಗಳಲ್ಲಿ, ಮಡಕೆ ಮಾಡುತ್ತಿದ್ದೀಯ. ಯೂಜೀನ್ ಅದನ್ನು ಅಡುಗೆಮನೆಯಲ್ಲಿ ತೂಗುಹಾಕಿದ್ದಾರೆ. ನಾನು ತೆಗೆದಿಲ್ಲ.

ಹೊಟ್ಟೆಕಿಚ್ಚು ನಿಜ, ಆದರೆ ಟಿವಿಯಲ್ಲಿ ಬಂದೆ ಅಂತ ಅಲ್ಲ. ನಿನ್ನ ಮುಖ, ನಿನ್ನ ದೋಣಿ, ಆ ಬೆಳ್ಳಿಕೂದಲಿನವನು ಎಲ್ಲ ನಿನಗೇ ಇರಲಿ. ನೀನು ಕ್ಯಾಮರಾ ನಿಂತ ಮೇಲೆ ಕೈ ಕೊಡವಿ ಎದ್ದು ಕಾರು ಓಡಿಸಿಕೊಂಡು ಮನೆಗೆ ಹೋಗಿರುತ್ತೀಯ. ಅದನ್ನು ನೆನೆಸಿಕೊಂಡರೆ ಊಟ ಸೇರುವುದಿಲ್ಲ. ಇಷ್ಟೇ ವಿಷಯ. ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ನೀನು ಮಾಡಿದ್ದನ್ನು ನೋಡುವವರೆಗೆ, ನನಗೆ ಎಷ್ಟು ನೋವಾಗುತ್ತದೆ ಅಂತ ಯೂಜೀನ್‌ಗೆ ತಿಳಿದಿರಲಿಲ್ಲವಂತೆ. ಈಗ ಬೆಳಿಗ್ಗೆ ಬಂದು ನನ್ನ ಗುಂಡಿ ಹಾಕಿ ಹೋಗುತ್ತಾರೆ. ಅಷ್ಟು ಚೆನ್ನಾಗಿ ಮಾಡಿದ್ದೀಯ.

ತಣ್ಣಗಿನ ನೀರು ಕುಡಿದು ಗಂಟಲು ಕೆಡಿಸಿಕೊಳ್ಳಬೇಡ. ಭಾವ ನಿನ್ನನ್ನು ಬಹಳ ನೆನೆಯುತ್ತಾರೆ. ನಿನಗೆ ಇನ್ನೂ ಒಳ್ಳೆಯ ಪಾತ್ರಗಳು ಸಿಗಲಿ, ಕಾಯಿಲೆ ಇಲ್ಲದವು.

ನಿನ್ನ ಅಕ್ಕ,
ವಾಂಡಾ

ಮರೆತೆ: ಏಪ್ರಿಲ್ ಎಂಟಕ್ಕೆ ಬಲ ಮಣಿಕಟ್ಟಿನ ಆಪರೇಷನ್. ಆರು ವಾರ ಆ ಕೈ ಎತ್ತುವ ಹಾಗಿಲ್ಲ. ಸ್ನಾನ ಮಾಡಿಸಲು ನರ್ಸ್ ಕಳಿಸುತ್ತೇವೆ ಅಂದರು, ಡೊಲೊರೆಸ್ ಕೂಡ ಬರುತ್ತೇನೆ ಅಂದಳು. ಇಬ್ಬರಿಗೂ ಬೇಡ ಅಂದೆ, ನನ್ನ ತಂಗಿ ಬರುತ್ತಾಳೆ ಅಂತ ಹೇಳಿದ್ದೇನೆ. ಬರುತ್ತೀಯಲ್ಲ?