ಸುರಂಗದ ನೀರು ನಿಂತ ಸುದ್ದಿ

ಅಪ್ಪಾ, ನೀವು ಗುಡ್ಡೆ ಕೊರೆದು ನೀರು ತಂದ ಸುರಂಗ, ನೀವು ತೀರಿಹೋದ ಮೂರನೇ ಬೇಸಿಗೆಗೆ ಬತ್ತಿತು. ಇವತ್ತು ಗ್ರಾಮಸಭೆಗೆ ತಾಲೂಕು ಆಫೀಸಿನಿಂದ ಬಂದ ಸಾರ್ ಒಬ್ಬರು ಯುದ್ಧ, ಸೆಕೆ, ಬರ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ, ಅದಕ್ಕೇ ನೀರಿಲ್ಲ ಎಂದರು. ನಮ್ಮ ಬಾಯಿ ಮುಚ್ಚಿಸಲು ಇಡೀ ಲೋಕವನ್ನೇ ತಂದರು! ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಎದ್ದು ನಿಂತು ಕೇಳಿದೆ.

"ಅಷ್ಟು ದೂರದ ಯುದ್ಧಕ್ಕೂ ನಮ್ಮ ನೀರಿಗೂ ಸಂಬಂಧ ಉಂಟು. ಸುರಂಗದ ತಲೆಯ ಮೇಲೆಯೇ ಇರುವ ಕಲ್ಲಿನ ಕೋರೆಗೆ ಎಂತದೂ ಇಲ್ಲವಾ ಸಾರ್?"

"ಬಿಡಬೇಡ ಮಾರಾಯ್ತಿ, ಕೇಳು!" ಎಂದರು ನೆರೆಮನೆಯ ಕಿನ್ನಿಯಕ್ಕ.

ಸಾರ್ ಕಾಗದ ತಿರುವಿದರು. "ಕೋರೆಗೆ ನೆರೆಕರೆಯವರೇ ಒಪ್ಪಿಗೆ ಕೊಟ್ಟದ್ದುಂಟಲ್ಲ?"

ನಾನು ಕುಳಿತುಬಿಟ್ಟೆ. ನೀವು ಆಸ್ಪತ್ರೆಯಲ್ಲಿದ್ದಾಗ, ಕೋರೆಯ ಲಾರಿಯವರು ನಮ್ಮ ದಾರಿ ಮುಚ್ಚಿಯಾರೆಂದು ಹೆದರಿ ಆ ಒಪ್ಪಿಗೆಗೆ ನಾನೂ ಸಹಿ ಹಾಕಿದ್ದೆ. ಸಹಿ ಹಾಕಿದೆಯಾ ಎಂದು ನೀವು ಕೇಳಿದಾಗ ಇಲ್ಲ ಎಂದಿದ್ದೆ.