ಪೆನ್ನಿನ ಸದ್ದು

ಅಣ್ಣಾ,

ನೀನಿದ್ದಾಗ ನಿನಗೆ ಬಂದ ಪತ್ರಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಇದನ್ನು ಕೇಳಲು ನೀನಿಲ್ಲ. ಆದರೂ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಕಣ್ಣು ಕಾಣದವರ ಪರೀಕ್ಷೆಗೆ ಈಗ ನನ್ನದೇ ಉಸ್ತುವಾರಿ. ಇವತ್ತು ಒಬ್ಬಳು ಉತ್ತರ ಹೇಳುತ್ತಿದ್ದಳು, ಹೊಸದಾಗಿ ಬಂದ ಇನ್ನೊಬ್ಬಳು ಬರೆದುಕೊಡುತ್ತಿದ್ದಳು. ನಡುವೆ ಬರೆಯುವವಳು ಎದ್ದು ಬಾಗಿಲಾಚೆ ನನ್ನ ಬಳಿ ಬಂದಳು.

"ಮೇಡಂ, ಅವಳು ಹೇಳ್ತಿರೋದು ತಪ್ಪು. ಸರಿ ಉತ್ತರ ನನಗೊತ್ತು. ಪಾಪ, ಬರೆದುಬಿಡ್ಲಾ?"

"ನಿನ್ನ ಪಾಪನ ಇಲ್ಲೇ ಬಿಟ್ಟು ಹೋಗು. ಅವಳು ಹೇಳಿದ್ದನ್ನೇ ಬರಿ. ತಪ್ಪಾದ್ರೂ ಅದು ಅವಳದು."

ಪರೀಕ್ಷೆ ಮುಗಿದ ಮೇಲೆ ಉತ್ತರ ಹೇಳಿದವಳು ಮಡಚಿಟ್ಟಿದ್ದ ಕೋಲು ಬಿಚ್ಚುತ್ತಾ ನಕ್ಕಳು. "ಮೂರನೇದು ತಪ್ಪಾಯ್ತು ಅಲ್ವಾ ಮೇಡಂ? ಪೆನ್ನು ನಿಂತಾಗಲೇ ಅನ್ಕೊಂಡೆ. ಪೆನ್ನಿನ ಸದ್ದು ನಮಗೆ ಚೆನ್ನಾಗಿ ಕೇಳ್ಸತ್ತೆ."

ಕಣ್ಣು ಕಾಣದ ನಿನ್ನ ಪರೀಕ್ಷೆಯನ್ನು ನಾನು ಬರೆದುಕೊಟ್ಟಾಗ ನೀನು ಒಂದು ಸಾಲು ಹೇಳಿದರೆ ನನ್ನ ಪೆನ್ನು ನಾಲ್ಕು ಸಾಲು ಓಡುತ್ತಿತ್ತು. ನೀನು ಸುಮ್ಮನೆ ಕೂತಿದ್ದೆ. ಮೊದಲ ದರ್ಜೆಯಲ್ಲಿ ಪಾಸಾದೆ, ಆಮೇಲೆ ಕಾಲೇಜಿನ ಕಡೆ ತಲೆಹಾಕಲಿಲ್ಲ. ಯಾಕೆಂದು ಮನೆಯವರೆಲ್ಲ ಕೇಳಿದರು. ನಾನೊಬ್ಬಳು ಕೇಳಲಿಲ್ಲ.

ನಾಳೆ ಇನ್ನೂ ಮೂವರ ಪರೀಕ್ಷೆಯಿದೆ. ಕೋಣೆಯೊಳಗೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಕಣ್ಣು ಮುಚ್ಚಿ, ಪೆನ್ನಿನ ಸದ್ದು ಕೇಳುತ್ತಾ.

ನಿನ್ನ ತಂಗಿ