ಲಂಡನ್ನಿಗೆ ಹೊರಟ ಅತ್ತೆಯ ಉಪವಾಸ

ರೀ,

ಮನೆಯ ಫೋನ್ ಮತ್ತೆ ಸತ್ತಿದೆ. ನನ್ನ ತಮ್ಮ ಕುಮಾರನ ಮೊಬೈಲಿಗೆ ಫೋನ್ ಮಾಡಲು ಗೋಣಿಬೀಡಿನ ಬೂತ್‌ಗೆ ಓಡುತ್ತಿದ್ದೇನೆ. ಅವನ ಕಾರು ಅತ್ತೆಯವರನ್ನು ಕೂರಿಸಿಕೊಂಡು ಬೆಂಗಳೂರು ಮುಟ್ಟುವ ಹೊತ್ತಾಯಿತು. ವಿಮಾನ ಹತ್ತುವ ಮೊದಲು ಅವರಿಗೆ ಏನಾದರೂ ತಿನ್ನಿಸಲೇಬೇಕು.

ದಾರಿಗೆಂದು ಬೆಳಿಗ್ಗೆ ಕಟ್ಟಿಕೊಟ್ಟ ಕಡುಬು ಈಗ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು. ಕೆಲಸದ ತಂಗಮ್ಮನನ್ನು ಗದರಿಸಿ ಕೇಳಿದರೆ, "ಅಮ್ಮೋರು ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ. ಲಂಡನ್ ಮುಟ್ಟೋವರೆಗೂ ತಿನ್ನಲ್ವಂತೆ. ಯಾರಿಗೂ ಹೇಳ್ಬೇಡ ಅಂದ್ರು" ಅನ್ನುತ್ತಾಳೆ. ಸಕ್ಕರೆ ಕಾಯಿಲೆಯ ಗುಳಿಗೆಯನ್ನಂತೂ ನನ್ನ ಕಣ್ಣೆದುರೇ ನುಂಗಿದ್ದಾರೆ. ಖಾಲಿ ಹೊಟ್ಟೆಯಲ್ಲಿ!

ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದಿದ್ದರೂ ವಾಂತಿಯ ಹೆದರಿಕೆಗೆ ಹಿಂದಿನ ರಾತ್ರಿಯಿಂದಲೇ ಊಟ ಬಿಡುವವರು ಅವರು. ಅಂಥವರ ಮುಂದೆ ನೀವು ಅಟ್ಲಾಸ್ ಬಿಡಿಸಿ, ಸ್ಕೇಲ್ ಇಟ್ಟು ಅಳೆದು, "ಎಂಟು ಸಾವಿರ ಕಿಲೋಮೀಟ್ರು ಕಣಮ್ಮಾ" ಅಂತ ಹೇಳಿದ್ದೇ ಹೇಳಿದ್ದು. ಲಂಡನ್ನಿನಲ್ಲಿರುವ ನಿಮ್ಮ ತಂಗಿ ಭವ್ಯಳ ಬಾಣಂತನಕ್ಕೆ ಹೊರಟವರು ತಾವೇ ತಲೆ ಸುತ್ತಿ ಬಿದ್ದರೆ ಆ ಹುಡುಗಿಗೆ ಏನು ಹೇಳೋಣ?

ಕಣದಲ್ಲಿ ಒಣಗಲು ಹರಡಿದ ಕಾಫಿಯನ್ನು ಇಬ್ಬನಿ ಬೀಳುವ ಮೊದಲು ಗುಡ್ಡೆ ಮಾಡಿಸಿ ಟಾರ್ಪಾಲ್ ಹೊದಿಸಿ. ಸಾರು ಬಿಸಿ ಮಾಡಿಕೊಳ್ಳಿ. ಫೋನ್‌ಗೆ ಜೀವ ಬಂದರೆ ನೀವೇ ಕುಮಾರನಿಗೆ ಮಾಡಿ, ನನ್ನ ದಾರಿ ಕಾಯಬೇಡಿ.

ನಿನ್ನೆ ಅವರು ಕೈಚೀಲದ ತುಂಬ ನಿಂಬೆಹಣ್ಣು ತುಂಬಿಕೊಳ್ಳುವಾಗ ನಾನೂ ನಕ್ಕುಬಿಟ್ಟೆ. ದೂರ ಎಷ್ಟೆಂದು ಮನೆಮಂದಿಯೆಲ್ಲ ಹೇಳಿದೆವು. ಆಕಾಶದಲ್ಲಿ ಘಾಟಿಯ ತಿರುವುಗಳಿಲ್ಲ ಎಂದು ಅವರಿಗೆ ಒಬ್ಬರೂ ಹೇಳಲಿಲ್ಲ.